ದೇವೀರಮ್ಮನಿಗೆ ಕೊಟ್ಟ ಬೀಗದ ಕೈ

ಈ ಸಲ ಸುಗ್ಗಿಗೆಂದು ಹಲಸಿನಹಕ್ಲಿಗೆ ಹೋದಾಗ ಆಲೂರಿನ ಬಸ್ಸು ನನ್ನನ್ನು ಊರ ಕೈಮರದ ಹತ್ತಿರ ಇಳಿಸಿ ಹೋಯಿತು. ಕಾಫಿ ಹೂವು ಆಗಲೇ ಬಾಡಿತ್ತು. ಊರೊಳಗೆ ಕಾಲಿಟ್ಟು ಹತ್ತು ಮನೆ ದಾಟಿದರೂ ಒಂದು ಮನೆಯಿಂದಲೂ ಒಗ್ಗರಣೆಯ ವಾಸನೆ ಬರಲಿಲ್ಲ. ಅಡುಗೆಯ ಹೊತ್ತು, ಒಲೆಗಳು ಉರಿಯುತ್ತಿವೆ, ಹೊಗೆ ಕಾಣುತ್ತಿದೆ, ಆದರೆ ಸಾಸಿವೆ ಸಿಡಿದ ಸದ್ದೂ ಇಲ್ಲ, ಕರಿಬೇವಿನ ಘಮವೂ ಇಲ್ಲ. ಸುಗ್ಗಿ ಹಬ್ಬ ಸಾರಿದ ಮೇಲೆ ನಮ್ಮೂರಿನಲ್ಲಿ ಒಗ್ಗರಣೆ ಹಾಕುವಂತಿಲ್ಲ. ಹಸಿ ಗಿಡ ಕಡಿಯುವಂತಿಲ್ಲ, ನೆಲಕ್ಕೆ ಗುದ್ದಲಿ ಹಾಕುವಂತಿಲ್ಲ, ಏರುದನಿಯಲ್ಲಿ ಯಾರನ್ನೂ ಕೂಗುವಂತಿಲ್ಲ. ಊರದೇವತೆ ದೇವೀರಮ್ಮ ಊರೊಳಗೆ ಓಡಾಡುವ ದಿನಗಳು ಅವು, ಸದ್ದು ಅವಳಿಗೆ ಆಗುವುದಿಲ್ಲ ಎಂದು ನಂಬಿಕೆ. ಹೊರಗಿನವರಿಗೆ ಇದೆಲ್ಲ ಚಂದ ಕಾಣುತ್ತದೆ. ನಾನು ಮಾತ್ರ ಆ ವಾಸನೆಯಿಲ್ಲದ ಬೀದಿಯನ್ನು ಬೇಗ ಬೇಗ ದಾಟುತ್ತೇನೆ. ನಾನು ಡೈರಿಯಲ್ಲಿ ಕೂತಿದ್ದ ಆ ವರ್ಷ, ಪಕ್ಕದ ಮನೆಯ ಚಂದ್ರಣ್ಣ ಸತ್ತ ವರ್ಷ, ಎಲ್ಲ ಶುರುವಾಗಿದ್ದೂ ಹೀಗೆ ಒಂದು ಸುಗ್ಗಿಯಲ್ಲಿ.

ಆಗ ನಾನು ಊರಿನ ಹಾಲಿನ ಡೈರಿಯ ಕಾರ್ಯದರ್ಶಿ. ಹಾಸನದಲ್ಲಿ ಬಿಸಿಎ ಮುಗಿಸಿ ಮದುವೆಯಾಗಿ ಬಂದವಳು. ಕಂಪ್ಯೂಟರ್ ಓದಿದವಳು ಹಾಲಿನ ಫ್ಯಾಟ್ ನೋಡುತ್ತಾ ಕೂತಿದ್ದಾಳೆ ಎಂದು ನಗುವವರು ನಕ್ಕರು. ನಗಲಿ ಬಿಡಿ, ಬೆಳಗಾಗುತ್ತಲೇ ಊರಿನ ಸುದ್ದಿಯೆಲ್ಲ ನನ್ನ ಮೇಜಿನ ಮುಂದೆ ಬಂದು ಬೀಳುತ್ತಿತ್ತು, ಅದು ಯಾವ ಆಫೀಸಿನಲ್ಲಿ ಸಿಗುತ್ತದೆ?

ಆನೆಗಳು ನಮ್ಮ ಕಡೆ ಬರುತ್ತವೆ ಎಂದು ಪೇಪರಿನವರು ಬರೆಯುತ್ತಾರೆ. ಬರುವುದೇನು, ಅವು ಇರುವುದೇ ನಮ್ಮ ಜೊತೆ. ತೋಟದ ನೆರಳಿನಲ್ಲಿ ಹಗಲು ಮಲಗಿ, ಮಬ್ಬಾಗುತ್ತಲೇ ಎದ್ದು, ಮನುಷ್ಯರು ನಡೆಯುವ ದಾರಿಯಲ್ಲೇ ನಡೆಯುತ್ತವೆ. ಮೊದಲೆಲ್ಲ ಆನೆ ಕಂಡವರು ಡಬ್ಬ ಬಡಿಯುತ್ತಿದ್ದರು. ಕೇಳಿದವರು ತಮ್ಮ ಮನೆಯ ಡಬ್ಬ ಬಡಿಯಬೇಕು, ಅದನ್ನು ಕೇಳಿದ ಪಕ್ಕದ ಮನೆಯವರು ತಮ್ಮದು. ಹಾಗೆ ಸುದ್ದಿ ಮನೆಯಿಂದ ಮನೆಗೆ ದಾಟುತ್ತಿತ್ತು. ಆ ವರ್ಷ ಊರಿನ ಸಮಿತಿಯವರು ಹಾಸನದ ಒಂದು ಅಂಗಡಿಯಿಂದ ಪೆಟ್ಟಿಗೆಯೊಂದನ್ನು ತಂದು ಡೈರಿಯ ಗೋಡೆಗೆ ಹೊಡೆಸಿದರು. ತೋಟಗಳ ಕಾವಲಿನವರು ಆನೆ ಕಂಡ ಕೂಡಲೇ ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಪೆಟ್ಟಿಗೆ ಊರಿನ ನಾಲ್ಕು ಕಂಬಗಳ ಮೇಲಿನ ಹಾರ್ನ್ ಕೂಗಿಸಿ, ಕೆಂಪು ದೀಪ ಹತ್ತಿಸಿ, ಎಲ್ಲರ ಮೊಬೈಲಿಗೂ ಮೆಸೇಜ್ ಕಳಿಸುತ್ತಿತ್ತು. ಹಾರ್ನ್ ಕೂಗಿದರೆ ನಿಲ್ಲುವುದು, ಕೂಗದಿದ್ದರೆ ನಡೆಯುವುದು. ಜನಕ್ಕೆ ಎಷ್ಟು ನೆಮ್ಮದಿಯಾಯಿತೆಂದರೆ ಬಡಿಯುವ ಡಬ್ಬಗಳಿಗೆಲ್ಲ ಅಕ್ಕಿ ತುಂಬಿಟ್ಟರು.

ಆ ನೆಮ್ಮದಿ ಎಲ್ಲರಿಗಿಂತ ಹೆಚ್ಚಾಗಿ ಬೇಕಿದ್ದದ್ದು ನನಗೆ. ನನ್ನ ಅತ್ತೆ ಗೌರಮ್ಮ ಬೆಳಗಿನ ಹಾಲು ಕರೆದು, ಕ್ಯಾನ್ ಹಿಡಿದು ಕೆರೆ ಏರಿಯ ಮೇಲೆ ಡೈರಿಗೆ ನಡೆದು ಬರುತ್ತಿದ್ದರು. ಏರಿಯ ಒಂದು ಮಗ್ಗುಲಿಗೆ ನೀರು, ಇನ್ನೊಂದು ಮಗ್ಗುಲಿಗೆ ಕಾಫಿ ತೋಟದ ಬೇಲಿ. ಎದುರಿಗೆ ಆನೆ ಸಿಕ್ಕರೆ ಸರಿಯುವುದಕ್ಕೆ ಜಾಗವಿಲ್ಲ. ಮೊಬೈಲ್ ಇಟ್ಟುಕೊಳ್ಳಿ ಅತ್ತೆ ಎಂದರೆ, "ಅದು ಸೊಂಟದಲ್ಲಿ ಗುಂಯ್ ಅಂದ್ರೆ ನಂಗೆ ಹಾವು ಕಂಡಂಗಾಯ್ತದೆ, ನಿನ್ ಹಾರ್ನ್ ಐತಲ್ಲ ಬುಡು" ಎನ್ನುವರು. ನಾನು ಮೊದಲೇ ಹೋಗಿ ಡೈರಿ ತೆರೆದು ಕೂರುತ್ತಿದ್ದೆ. ಮಂಜಿನಲ್ಲಿ ಅವರ ಬಿಳಿ ಸೆರಗು ಕಾಣುವವರೆಗೂ ನನಗೆ ಕೆಲಸದ ಮೇಲೆ ಗಮನ ನಿಲ್ಲುತ್ತಿರಲಿಲ್ಲ.

ಪೆಟ್ಟಿಗೆ ಹಾಕಲು ಬಂದವನು ಮಹೇಶ ಎಂಬ ಮಾತುಗಾರ. "ಇದು ಬೆಳೆಯೋ ಪೆಟ್ಟಿಗೆ ಮೇಡಂ, ಏನ್ ಬೇಕಾದ್ರೂ ಇದಕ್ಕೆ ಸೇರಿಸ್ಕೋಬೋದು" ಎಂದ. ಹೊರಗಿನಿಂದ ಒಂದು ಚಿಕ್ಕ ಪ್ರೋಗ್ರಾಮ್ ತಂದು ಅದಕ್ಕೆ ಜೋಡಿಸಿದರೆ ಪೆಟ್ಟಿಗೆ ಹೊಸ ಕೆಲಸ ಕಲಿಯುತ್ತಿತ್ತು. ಊರಿನವರು ಅಂಥ ಜೋಡಣೆಗೆ 'ಬಾಲ' ಎಂದು ಹೆಸರಿಟ್ಟರು. ನೀರಿನ ಟ್ಯಾಂಕಿನ ಮೋಟಾರು ಓಡಿಸಲು ಒಂದು ಬಾಲ ಬಂತು. ಕರೆಂಟು ಹೋದರೆ ತಿಳಿಸಲು ಇನ್ನೊಂದು. ಹಾಲಿನ ಗಾಡಿ ಎಲ್ಲಿದೆ ಎಂದು ತೋರಿಸಲು ಮತ್ತೊಂದು. ಜನ ಖುಷಿಯಾದರು. ನನಗೆ ಮಾತ್ರ ಒಂದು ವಿಷಯ ಸರಿ ಕಾಣಲಿಲ್ಲ. ಹಾಲು ಹಾಕುವವನು ಬಾಗಿಲವರೆಗೆ ಬಂದರೆ ಸಾಕು, ಅವನ ಕೈಗೆ ಯಾರೂ ಬೀರುವಿನ ಬೀಗದ ಕೈ ಕೊಡುವುದಿಲ್ಲ. ಈ ಪೆಟ್ಟಿಗೆ ಮಾತ್ರ ಒಳಗೆ ಬಂದ ಪ್ರತಿ ಬಾಲಕ್ಕೂ ಇಡೀ ಗೊಂಚಲನ್ನೇ ಕೊಡುತ್ತಿತ್ತು. ನೀರಿನ ಮೋಟಾರಿನ ಬಾಲ ಮನಸ್ಸು ಮಾಡಿದರೆ ಆನೆಯ ಹಾರ್ನನ್ನೂ ನಿಲ್ಲಿಸಬಹುದಿತ್ತು.

"ಯಾವ ಬಾಲಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ ಕೊಡೋ ಹಾಗೆ ಮಾಡಕ್ಕಾಗಲ್ವಾ?" ಎಂದು ಮಹೇಶನನ್ನು ಕೇಳಿದೆ.

"ಈ ಮಾಡೆಲ್ಲಲ್ಲಿ ಹಂಗ್ ಬರಲ್ಲ ಮೇಡಂ. ಒಳಗ್ ಬಂದೋರೆಲ್ಲಾ ಮನೆಯೋರೇ" ಎಂದು ನಕ್ಕ.

ದೇವಸ್ಥಾನದ ಯಜಮಾನರಾದ ಗುರುಶಾಂತಪ್ಪನವರು ಅಲ್ಲೇ ಬೆಂಚಿನ ಮೇಲಿದ್ದರು. ಸಮಿತಿಯಲ್ಲೂ ಅವರದೇ ಮಾತು, ಊರ ಸೊಸೆಯರಿಗೆಲ್ಲ ಅವರು ಮಾವ. ಮಹೇಶನ ಉತ್ತರ ಅವರಿಗೆ ಬಹಳ ಹಿಡಿಸಿತು. "ಸರಿಯಾಗೇ ಹೇಳ್ದ ಕಣಮ್ಮ. ನಮ್ಮೂರಲ್ಲಿ ಹೊರಗ್ನೋರು ಯಾರವ್ರೆ? ನೀನೊಬ್ಳು ಬ್ಯಾರೆ ಕಡೆಯಿಂದ ಬಂದೋಳು" ಎಂದು ತಮಾಷೆ ಮಾಡಿದರು. ನಾನೂ ನಕ್ಕೆ. ಯಜಮಾನರ ತಮಾಷೆಗೆ ಸೊಸೆಯಂದಿರು ನಗದೆ ಇರುವುದು ನಮ್ಮ ಕಡೆ ನಡೆಯುವುದಿಲ್ಲ.

ಅಷ್ಟರಲ್ಲಿ ಸುಗ್ಗಿ ಬಂತು. ಸುಗ್ಗಿ ಸಾರಿದ ಮೇಲೆ ಹಾರ್ನ್ ಕೂಗಿದರೆ ಹೇಗೆ ಎಂಬ ಪ್ರಶ್ನೆ ಎದ್ದಿತು. ಸದ್ದು ಮಾತ್ರ ನಿಲ್ಲಬೇಕು, ದೀಪ ಹತ್ತಲಿ, ಮೆಸೇಜ್ ಹೋಗಲಿ ಎಂದು ನಾನು ಹೇಳಿದೆ. ಪೆಟ್ಟಿಗೆಗೆ ಅಷ್ಟು ನಾಜೂಕು ಗೊತ್ತಿರಲಿಲ್ಲ. ಅದಕ್ಕೆ 'ಮೌನ' ಎಂದರೆ ಎಲ್ಲವೂ ಮೌನ, ಎಲ್ಲ ಕಂಬಗಳೂ ಮೌನ. ಫೋನಿನಿಂದಲೇ ಪೆಟ್ಟಿಗೆಯನ್ನು ಮೌನ ಮಾಡುವ ಒಂದು ಸುಗ್ಗಿಯ ಬಾಲವನ್ನು ಮಹೇಶ ಮಾಡಿಕೊಟ್ಟ. ಅಮ್ಮನ ಕೆಲಸದ ಸರದಿ ಇದ್ದ ಮನೆಗಳವರ ಫೋನಿಗೆಲ್ಲ ಅದು ಹೋಯಿತು. ಒಬ್ಬೊಬ್ಬರಿಗೂ ಬೇರೆ ಬೇರೆ ಹೆಸರು ಬರೆಯಬೇಕೆಂದು ಅವನು ಕೇಳಿದಾಗ ಗುರುಶಾಂತಪ್ಪನವರು ಒಪ್ಪಲಿಲ್ಲ. ಅಮ್ಮನ ಕೆಲಸ ಮಾಡುವಾಗ ಯಾರೂ ತಮ್ಮ ಹೆಸರು ಎತ್ತಬಾರದು ಎಂಬುದು ಊರಿನ ಪದ್ಧತಿ. ಅವಳ ಪಾತ್ರೆ ತೊಳೆದರೂ 'ಅಮ್ಮ ತೊಳೆಸ್ಕೊಂಡ್ಳು' ಎನ್ನಬೇಕೇ ಹೊರತು 'ನಾನು ತೊಳೆದೆ' ಎನ್ನುವಂತಿಲ್ಲ. ಹಾಗಾಗಿ ಎಲ್ಲರಿಗೂ ಒಂದೇ ಹೆಸರು ಬರೆಸಿದರು: ದೇವೀರಮ್ಮ.

ಪದ್ಧತಿಯಲ್ಲಿ ತಪ್ಪು ಹುಡುಕಲು ನನಗೆ ಇಷ್ಟವಿಲ್ಲ. ನಾನೆಂಬುದನ್ನು ಬದಿಗಿಟ್ಟು ಕೆಲಸ ಮಾಡುವುದು ದೊಡ್ಡ ಗುಣವೇ. ಆದರೆ ಪಾತ್ರೆ ತೊಳೆಯುವಲ್ಲಿ ಸರಿಯಾಗಿದ್ದ ಆ ಗುಣ ಪೆಟ್ಟಿಗೆಯೊಳಗೆ ಹೊಕ್ಕ ಮೇಲೆ ನನಗೆ ಭಯ ಹುಟ್ಟಿಸಿತು.

ಸುಗ್ಗಿ ಸುಸೂತ್ರವಾಗಿ ಕಳೆಯಿತು. ಇನ್ನು ಆ ಬಾಲ ಬೇಡವಲ್ಲ ಎಂದು ನಾನು ತೆಗೆದುಹಾಕಿದೆ. ವಾರ ಕಳೆಯುವುದರೊಳಗೆ ಸುದ್ದಿ ಯಜಮಾನರಿಗೆ ಮುಟ್ಟಿತು. ಡೈರಿಯ ಬಾಗಿಲಲ್ಲಿ ನಿಂತು, ಸಿಟ್ಟಿಲ್ಲದ ದನಿಯಲ್ಲಿ ಕೇಳಿದರು: "ಅಮ್ಮನ ಹೆಸ್ರಲ್ಲಿ ಕೊಟ್ಟಿದ್ದನ್ನ ವಾಪಸ್ ಕಿತ್ಕೊಂಡ್ಯಂತಲ್ಲಮ್ಮ?"

"ಸುಗ್ಗಿ ಮುಗೀತಲ್ಲ ಮಾವ. ಮುಂದಿನ ವರ್ಷ ಬೇಕಾದಾಗ ಹಾಕೋಣ."

"ಅವ್ಳಿಗೆ ಉಡ್ಸಿದ ಸೀರೆನ ಸುಗ್ಗಿ ಮುಗೀತು ಅಂತ ಬಿಚ್ಕೊಂಡು ಬಂದವ್ರೇನೆ? ಕೊಟ್ಟಿದ್ದು ಕೊಟ್ಟಂಗೆ. ವಾಪಸ್ ತಗೋಬೇಕಂದ್ರೆ ಹೂ ಕೇಳ್ಬೇಕು. ಅಮ್ಮ ಬಲಗಡೆ ಕೊಟ್ರೆ ತಗೋ, ನಾನ್ ಬ್ಯಾಡ ಅನ್ನಲ್ಲ."

ಮಹೇಶನನ್ನು ಕರೆಸಿ ಬಾಲವನ್ನು ಮತ್ತೆ ಹಾಕಿಸಿದರು. ನಾನು ದೇವಸ್ಥಾನಕ್ಕೆ ಹೋಗಿ ಹಣ್ಣುಕಾಯಿ ಇಟ್ಟು ತಪ್ಪಾಯಿತು ಎಂದು ಹೇಳಿ ಬರಬೇಕಾಯಿತು. ಬರುವಾಗ ಅತ್ತೆ, "ಊರೆಲ್ಲ ಒಂದ್ ಕಡೆ ಎಳೆಯುವಾಗ ನೀನೊಬ್ಳೇ ಯಾಕೆ ಮಾರಾಯ್ತಿ ಇನ್ನೊಂದ್ ಕಡೆ ಎಳೀತೀಯಾ" ಎಂದರು. ನಿಮಗೋಸ್ಕರ ಎಂದು ಹೇಳಬೇಕೆನಿಸಿತು.

ಆ ವರ್ಷದ ಮಳೆ ಹಿಡಿದದ್ದು ಬಿಡಲೇ ಇಲ್ಲ. ಹಗಲಿಗೂ ಸಂಜೆಗೂ ವ್ಯತ್ಯಾಸ ತಿಳಿಯದ ಹಾಗೆ ಮೋಡ ಕವಿದಿತ್ತು. ಅಂಥ ಒಂದು ಬೆಳಗ್ಗೆ ಶಾಲೆಯ ಹಿಂದಿನ ಬಾಳೆತೋಟ ಮಲಗಿಕೊಂಡದ್ದನ್ನು ಜನ ನೋಡಿದರು. ಆನೆಗಳು ಊರೊಳಗೇ ಹಾದುಹೋಗಿದ್ದವು. ಮನೆಗಳ ಮಗ್ಗುಲಲ್ಲೇ ಹೆಜ್ಜೆ, ಹೆಜ್ಜೆಯಲ್ಲಿ ನೀರು ನಿಂತಿತ್ತು. ಹಾರ್ನ್ ಕೂಗಿದ್ದು ಯಾರಿಗೂ ಕೇಳಿಸಿರಲಿಲ್ಲ. ಕಾವಲಿನವರನ್ನು ಕೇಳಿದರೆ ತಾವು ಗುಂಡಿ ಒತ್ತಿದ್ದು ನಿಜ ಎಂದರು. ನಾನು ಪೆಟ್ಟಿಗೆಯ ಪರದೆ ತೆರೆದು ನೋಡಿದೆ. ಎಚ್ಚರಿಕೆ ಬಂದಿತ್ತು. ಅದರ ಕೆಳಗೆ ಇನ್ನೊಂದು ಸಾಲು: 'ದೇವೀರಮ್ಮ: ಮೌನ.'

ಯಾರೋ ಸುಗ್ಗಿಯ ಬಾಲವನ್ನು ಬಳಸಿ ಹಾರ್ನ್ ನಿಲ್ಲಿಸಿದ್ದಾರೆ ಎಂದು ಯಜಮಾನರನ್ನು ಕರೆದು ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಓದಿದರು. ಮತ್ತೆ ಓದಿದರು. ಆಮೇಲೆ ಹಿಂದಕ್ಕೆ ಸರಿದು, ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಬಂದು ಪೆಟ್ಟಿಗೆಗೆ ಕೈ ಮುಗಿದರು.

"ಮಾವ, ಇದು ಅಮ್ಮ ಅಲ್ಲ. ಸರದಿ ಮನೆಯೋರ ಫೋನಿಂದ ಯಾರೋ ಒತ್ತಿದ್ದಾರೆ."

"ಯಾರ್ ಹೆಸ್ರು ಬಂದದೆ ಅದ್ರಲ್ಲಿ?"

"ಅದು ನಾವೇ ಬರೆಸಿದ ಹೆಸರಲ್ವಾ?"

"ಹೆಸ್ರು ಯಾವ್ದು ಐತೆ ಅಂತ ಹೇಳಮ್ಮ ಸಾಕು."

ಸಂಜೆಯ ಹೊತ್ತಿಗೆ ಊರೆಲ್ಲ ಹಬ್ಬಿತು. ಅಮ್ಮ ಮುನಿದಿದ್ದಾಳೆ, ಡೈರಿ ಸೊಸೆ ಬಾಲ ಕಿತ್ತದ್ದಕ್ಕೆ ಹಾರ್ನ್ ಬಾಯಿ ಕಟ್ಟಿದ್ದಾಳೆ ಎಂದರು. ಹಾಲು ಹಾಕಲು ಬಂದ ಹೆಂಗಸರು ಪೆಟ್ಟಿಗೆಗೆ ನಮಸ್ಕರಿಸಿ ನನ್ನನ್ನು ಓರೆಗಣ್ಣಿನಲ್ಲಿ ನೋಡಿಕೊಂಡು ಹೋಗತೊಡಗಿದರು. ಯಾರೋ ಪೆಟ್ಟಿಗೆಯ ಮೇಲೆ ದಾಸವಾಳ ಇಟ್ಟರು. ಆ ಮಳೆಗಾಲದಲ್ಲಿ ಇನ್ನೂ ಒಂದೆರಡು ಸಲ ಹಾಗಾಯಿತು. ಪ್ರತಿ ಸಲವೂ ಅದೇ ಸಾಲು, ಅದೇ ಹೆಸರು. ನಗು ಬರಬೇಕಾದ ವಿಷಯ, ಆದರೆ ಒಬ್ಬಳೇ ಆ ಪರದೆಯ ಮುಂದೆ ಕೂತಾಗ ನನಗೆ ಒಮ್ಮೆಯೂ ನಗು ಬರಲಿಲ್ಲ. ನಮ್ಮೂರಿನ ಯಾವುದೋ ಮನೆಯಲ್ಲಿ, ನಾನು ದಿನಾ ಮಾತಾಡಿಸುವ ಯಾರೋ ಒಬ್ಬರು ಹಾರ್ನಿನ ಬಾಯಿ ಮುಚ್ಚುತ್ತಿದ್ದರು. ಯಾಕೆ ಎಂದು ತಿಳಿಯುತ್ತಿರಲಿಲ್ಲ.

ಸರದಿಯ ಮನೆಗಳಿಗೆ ಹೋಗಿ ಒಬ್ಬೊಬ್ಬರನ್ನೂ ಕೇಳಿದೆ. ಕೆಲವರು ನನ್ನ ಮೇಲೇ ಹರಿಹಾಯ್ದರು. ಚಂದ್ರಣ್ಣನೊಬ್ಬ ಮಾತ್ರ ಕೂರಿಸಿ ಕಾಫಿ ಕೊಡಿಸಿದ. ನಮ್ಮ ಮನೆಯ ಮಗ್ಗುಲಿನವನು, ದಿನವೂ ಅತ್ತೆಯ ಹಿಂದೆಯೇ ಡೈರಿಗೆ ಹಾಲು ತರುವವನು. ಅವನ ತಂದೆ ಸಿದ್ದಪ್ಪಜ್ಜ ಹಾಸಿಗೆ ಹಿಡಿದಿದ್ದರು. ಬೀದಿ ತಿರುವಿನ ಹಾರ್ನ್ ಕಂಬ ಅವರ ಮನೆಯ ಸೂರಿಗೆ ತಾಗುವಂತೆ ನಿಂತಿತ್ತು. ಅದು ಕೂಗಿದಾಗಲೆಲ್ಲ ಮುದುಕರ ಎದೆ ಹೊಡೆದುಕೊಂಡು ಬೆವರು ಕಿತ್ತುಬರುತ್ತಿತ್ತು. ಕಂಬ ಸರಿಸಿ ಎಂದು ಚಂದ್ರಣ್ಣ ಸಮಿತಿಗೆ ಹೇಳಿದ್ದ. ಕಾಫಿ ಕೊಯ್ಲು ಮುಗಿದ ಮೇಲೆ ನೋಡೋಣ ಎಂದಿದ್ದರು.

"ಊರಿನ ಹಾರ್ನ್ ನಾನ್ಯಾಕೆ ನಿಲ್ಲುಸ್ಲಿ ಶೈಲಾ? ನಮ್ಮನೆ ದನ ಕರ, ಹೆಂಡ್ತಿ ಎಲ್ಲಾ ಅದ್ನ ನಂಬ್ಕಂಡೇ ಓಡಾಡಾದು" ಎಂದ. ಅವನು ಸುಳ್ಳು ಹೇಳುವವನಲ್ಲ. ಆವತ್ತೂ ಹೇಳಿರಲಿಲ್ಲ.

ಮಳೆ ನಿಂತಿತು. ಆನೆಯ ಗುಂಪು ದೋಣಿಗಲ್ ಕಡೆಗೆ ಇಳಿಯಿತು ಎಂದು ಸುದ್ದಿ ಬಂತು. ತಿಂಗಳುಗಟ್ಟಲೆ ಹಾರ್ನಿಗೆ ಕೆಲಸವಿರಲಿಲ್ಲ. ಅಮ್ಮ ಶಾಂತಳಾದಳು ಎಂದು ಜನ ಸಮಾಧಾನ ಪಟ್ಟರು, ನನ್ನನ್ನು ಮತ್ತೆ ನೆಟ್ಟಗೆ ನೋಡಿ ಮಾತಾಡಿಸಿದರು. ಕಾಫಿ ಹಣ್ಣಾಯಿತು. ಹಾಲು ತರುವ ಹೊತ್ತಿಗೆ ಕೆರೆಯ ಮೇಲಿಂದ ಮಂಜು ಎದ್ದು ಏರಿಯನ್ನು ಪೂರ್ತಿ ಮುಚ್ಚುತ್ತಿತ್ತು. ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಎಲ್ಲರೂ ಇದ್ದಾಗ ಆನೆಗಳು ತಿರುಗಿ ಬಂದವು.

ಆ ಬೆಳಗ್ಗೆ ನಾನು ಡೈರಿ ತೆರೆದು ಹಾಲಳೆಯುವ ಪಾತ್ರೆ ತೊಳೆಯುತ್ತಿದ್ದೆ. ಪೆಟ್ಟಿಗೆಯಲ್ಲಿ ಟಕ್ ಎಂದು ಸದ್ದಾಯಿತು. ಎಚ್ಚರಿಕೆ ಬಂದಾಗ ಆಗುವ ಸದ್ದು. ತಲೆಯೆತ್ತಿ ಹಾರ್ನಿಗಾಗಿ ಕಾದೆ. ಬರಲಿಲ್ಲ. ಓಡಿಹೋಗಿ ಪರದೆ ನೋಡಿದರೆ, ಕೆರೆ ಏರಿಯ ಪಕ್ಕದ ತೋಟದಲ್ಲಿ ಆನೆ ಎಂದು ಕಾವಲಿನವರು ತಿಳಿಸಿದ್ದರು. ಕೆಳಗೆ 'ದೇವೀರಮ್ಮ: ಮೌನ.' ನಾನು ಕೈಯಿಂದ ಹಾರ್ನ್ ಒತ್ತಿದೆ. ಹಾಂ ಎಂದು ಎಳೆಯುವುದರೊಳಗೆ ಬಾಯಿ ಮುಚ್ಚಿತು. ಮತ್ತೆ ಒತ್ತಿದೆ, ಮತ್ತೆ ಮುಚ್ಚಿತು. ಒತ್ತಿದಷ್ಟು ಸಲವೂ ಆ ಹೆಸರು ಒಂದರ ಕೆಳಗೊಂದು ಬಂದು ಕೂರುತ್ತಾ ಹೋಯಿತು. ಮನುಷ್ಯರ ಬೆರಳು ಅಷ್ಟು ಬೇಗ ಓಡುವುದಿಲ್ಲ. ಸುಳ್ಳೇಕೆ ಹೇಳಲಿ, ಆ ಕ್ಷಣ ನನಗೂ ದೇವೀರಮ್ಮನೇ ಅಲ್ಲಿ ಕೂತು ನನ್ನ ಕೈ ಹಿಡಿಯುತ್ತಿದ್ದಾಳೆ ಎನಿಸಿತು. ನೆಟ್ಟಿನ ವೈರು ಕೀಳೋಣವೆಂದರೆ ಕಂಬಗಳಿಗೂ ಅದೇ ದಾರಿ, ಬಾಲ ಕೀಳುತ್ತಾ ಕೂರುವಷ್ಟು ಹೊತ್ತಿರಲಿಲ್ಲ. ಅತ್ತೆ ಹೊರಟಾಗಿರುತ್ತದೆ ಎಂಬುದೊಂದೇ ತಲೆಯಲ್ಲಿತ್ತು.

ಖಾಲಿ ಕ್ಯಾನೊಂದನ್ನೂ ಅದರ ಮುಚ್ಚಳವನ್ನೂ ಎತ್ತಿಕೊಂಡು ಬಡಿಯುತ್ತಾ ಏರಿಯ ಕಡೆಗೆ ಓಡಿದೆ. ಕೇಳಿದವರು ತಮ್ಮ ಡಬ್ಬ ಬಡಿಯಬೇಕು, ಅದಲ್ಲವೇ ಪದ್ಧತಿ. ಒಂದು ಮನೆಯಿಂದಲೂ ಸದ್ದು ಬರಲಿಲ್ಲ. "ಡೈರಿಲಿ ಏನೇ ಅದು ಗಲಾಟೆ?" ಎಂದು ಯಾರೋ ಒಳಗಿನಿಂದ ಕೂಗಿದ್ದು ಕೇಳಿಸಿತು. ಡಬ್ಬದ ಸದ್ದು ಎಂದರೆ ಏನೆಂಬುದು ಒಂದೇ ವರ್ಷದಲ್ಲಿ ಊರಿಗೆ ಮರೆತುಹೋಗಿತ್ತು.

ಮಂಜಿನ ಒಳಗಿನಿಂದ ಮಾತ್ರ ಒಂದು ಉತ್ತರ ಬಂತು. ಯಾರೋ ಕ್ಯಾನಿನ ಮುಚ್ಚಳ ಬಡಿಯುತ್ತಿದ್ದರು. ಅದು ಅತ್ತೆ. ಆ ಸದ್ದು ಕೇಳಿ ನನಗೆ ಅಳು ಬಂತು. ಅದರ ಹಿಂದೆಯೇ ಬೇಲಿ ಮುರಿದ ಸದ್ದು, ಒಂದು ಘೀಳು, ಆಮೇಲೆ ಚಂದ್ರಣ್ಣನ ಕೂಗು. ಅದು ಪೂರ್ತಿಯಾಗಲಿಲ್ಲ.

ಏನಾಯಿತೆಂದು ಅತ್ತೆ ಹೇಳಿದ್ದು ಆ ಸಂಜೆ. ಡಬ್ಬದ ಸದ್ದು ಕೇಳಿದ ಕೂಡಲೇ ಅವರು ಏರಿಯ ಆರಂಭದಲ್ಲೇ ನಿಂತರಂತೆ. ಹಿಂದೆ ಬಂದ ಚಂದ್ರಣ್ಣನಿಗೆ, "ನಿಲ್ಲೋ ಚಂದ್ರ, ಡಬ್ಬ ಬಡೀತಾವ್ರೆ" ಎಂದರಂತೆ. ಅವನು ಏರಿಯ ಕಂಬದ ಕಡೆ ಕೈ ತೋರಿಸಿ, "ಹಾರ್ನ್ ಕೂಗಿಲ್ವಲ್ಲ ದೊಡ್ಡವ್ವ. ಆನೆ ಇದ್ದಿದ್ರೆ ಕೂಗ್ತಿರ್ಲಿಲ್ವಾ? ನಿಮ್ ಸೊಸೆ ಕ್ಯಾನ್ ಕೆಡವ್ಕಂಡವ್ಳೆ ಅಷ್ಟೇಯ" ಎಂದು ನಗುತ್ತಾ ಮುಂದೆ ಹೋದನಂತೆ. "ಕೈ ಹಿಡ್ಕಂಡಿದ್ರೆ ಆಗಿತ್ತು ಕಣೆ. ನನ್ ಕೈಲಿ ಮುಚ್ಚಳ ಇತ್ತು" ಎಂದು ಅತ್ತೆ ಆ ಕೈಯನ್ನೇ ನೋಡಿಕೊಂಡು ಕೂತರು.

ತಿಥಿ ಮುಗಿದ ಮೇಲೆ ಚಂದ್ರಣ್ಣನ ಹೆಂಡತಿ ಗೀತಕ್ಕ ಅವನ ಫೋನ್ ತಂದು ನನ್ನ ಕೈಗಿಟ್ಟಳು. ಗಾಜು ಒಡೆದಿತ್ತು, ಒಳಗೆಲ್ಲ ಸರಿಯಿತ್ತು. "ಇದ್ರಲ್ಲಿ ಅವ್ರ ಫೋಟೋ, ಮಾತು ಎಲ್ಲಾ ಐತೆ. ತೆಗ್ದು ಕೊಡ್ತೀಯಾ ಶೈಲಾ?" ಎಂದಳು. ಫೋಟೋ ಹುಡುಕುವಾಗ ಸುಗ್ಗಿಯ ಬಾಲ ಕಣ್ಣಿಗೆ ಬಿತ್ತು. ತೆರೆದು ನೋಡಿದೆ. ಮಬ್ಬಾದಾಗಿನಿಂದ ಬಿಸಿಲೇರುವವರೆಗೆ ಹಾರ್ನ್ ಕೂಗಿದೊಡನೆ ತಾನಾಗಿಯೇ ಮೌನ ಎಂದು ಅದರಲ್ಲಿ ಗೊತ್ತುಮಾಡಿಟ್ಟಿತ್ತು.

ಗೀತಕ್ಕ ನನ್ನ ಭುಜದ ಮೇಲಿಂದ ನೋಡುತ್ತಿದ್ದಳು. "ಅದಾ? ಅದು ಮಾವಂಗೋಸ್ಕರ ಮಾಡ್ಕಂಡಿದ್ರು. ಮೊದ್ಲು ಕೈಯಲ್ಲೇ ಒತ್ತೋರು. ಕೊಯ್ಲು ಶುರುವಾದ್ ಮೇಲೆ ಮನೇಲಿ ಇರಾಕಾಗಲ್ಲ ಅಂತ ತಾನಾಗೇ ಆಗೋ ಹಂಗೆ ಮಾಡಿದ್ರು. ನಮ್ಮನೆ ಕಂಬ ಒಂದೇ ಸುಮ್ನಾಗ್ತದೆ, ಬ್ಯಾರೆಯೋರಿಗೆ ತೊಂದ್ರೆ ಇಲ್ಲ ಅಂತಿದ್ರು." ಒಡೆದ ಗಾಜಿನ ಮೇಲೆ ಬೆರಳಿಟ್ಟು ಕೇಳಿದಳು: "ಯಾಕೆ, ಅದ್ರಿಂದ ಏನಾದ್ರೂ ಆಯ್ತಾ?"

"ಇಲ್ಲ ಗೀತಕ್ಕ" ಎಂದೆ. ಆ ಫೋನಿನಿಂದ ಬಾಲವನ್ನು ಅಳಿಸಿ, ಫೋಟೋಗಳನ್ನು ತೆಗೆದುಕೊಟ್ಟೆ.

ಬೇರೇನು ಹೇಳಲಿ? ತನ್ನ ತಂದೆಯ ಎದೆಗೆ ನೋವಾಗಬಾರದೆಂದು ತನ್ನ ಮನೆಯ ಕಂಬವೊಂದನ್ನು ಸುಮ್ಮನಿರಿಸಲು ಹೋದ ಒಳ್ಳೆಯ ಮಗ ಅವನು. ಅವನ ಕೈಗೆ ಒಂದು ಕಂಬದ ಬೀಗದ ಕೈ ಕೊಟ್ಟಿದ್ದರೆ ಸಾಕಿತ್ತು, ಊರಿನ ಗೊಂಚಲು ಕೊಟ್ಟಿದ್ದೆವು. ಏರಿಯ ಮೇಲೆ ನಿಂತು ಅವನು ನಂಬಿದ ಮೌನ ಅವನದೇ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಇದನ್ನು ಊರಿಗೆ ಹೇಳಿದರೆ ಬಾಲ ಕೀಳುತ್ತಾರೆ, ಸರಿ. ಆದರೆ ಮಾರನೇ ದಿನದಿಂದ ಹಾಲಿನ ಸಾಲಿನಲ್ಲಿ, ತೋಟದಲ್ಲಿ, ಮದುವೆ ಮನೆಯಲ್ಲಿ, ತನ್ನ ಸಾವನ್ನು ತಾನೇ ತಂದುಕೊಂಡವನು ಎಂದು ಅವನ ಕಥೆ ಓಡಾಡುತ್ತದೆ. ಆ ಮನೆಯಲ್ಲಿ ಮಲಗಿದ ಮುದುಕರು ಅದು ತಮ್ಮಿಂದ ಎಂದು ತಿಳಿದು ಸಾಯಬೇಕಾಗುತ್ತದೆ. ಅತ್ತೆಗೆ ಮಾತ್ರ ಹೇಳಿದೆ. ಅವರು ಸೆರಗಿನಿಂದ ಬಾಯಿ ಒತ್ತಿಕೊಂಡು, "ಇದ್ನ ಇಲ್ಲಿಗೇ ಬುಟ್ಬುಡು" ಎಂದರು.

ಬಾಲ ತೆಗೆಯಲು ಅಪ್ಪಣೆ ಬೇಡಿ ಹೂ ಕೇಳೋಣ ಎಂದು ನಾನೇ ಯಜಮಾನರನ್ನು ಕೇಳಿಕೊಂಡೆ. ದೇವಸ್ಥಾನದಲ್ಲಿ ಊರೇ ನೆರೆಯಿತು. ಬಹಳ ಹೊತ್ತು ಹೂ ಬೀಳಲಿಲ್ಲ. ಆಮೇಲೆ ಎಡಕ್ಕೆ ಬಿತ್ತು. ಗುರುಶಾಂತಪ್ಪನವರ ಮುಖವೂ ಕಪ್ಪಿಟ್ಟಿತು, ಅವರಿಗೂ ಬಲಕ್ಕೆ ಬೀಳಲಿ ಎಂದಿತ್ತೋ ಏನೋ. ಮಾತಿಗೆ ತಪ್ಪುವವರಲ್ಲ ಅವರು, ಹೂವಿನ ಮಾತಿಗಂತೂ ಅಲ್ಲ. ಬಾಲ ಅಲ್ಲೇ ಉಳಿಯಿತು. ಮುಂದಿನ ಬೇಸಿಗೆಯಲ್ಲಿ ನನಗೆ ಆಲೂರಿನಲ್ಲಿ ಕೆಲಸ ಸಿಕ್ಕಿತು, ನಾವು ಗಂಡ ಹೆಂಡತಿ ಅಲ್ಲಿಗೆ ಬಂದೆವು. ಅತ್ತೆ ಊರು ಬಿಟ್ಟು ಬರುವವರಲ್ಲ, ಭಾವನವರ ಸಂಸಾರದೊಂದಿಗೆ ಅಲ್ಲೇ ಉಳಿದರು. ಸಿದ್ದಪ್ಪಜ್ಜ ಅದರ ಹಿಂದೆಯೇ ಬಂದ ಮಳೆಗಾಲ ದಾಟಲಿಲ್ಲ.

ಈ ಸಲ ಮನೆ ತಲುಪಿದಾಗ ಅತ್ತೆ ಒಬ್ಬರೇ ಜಗುಲಿಯಲ್ಲಿ ಕೂತಿದ್ದರು. ಬಾಗಿಲ ಪಕ್ಕದಲ್ಲಿ ಖಾಲಿ ಡಬ್ಬ, ಒಂದು ಕೋಲು. ಅವರ ಡಬ್ಬಕ್ಕೆ ಮತ್ತೆ ಅಕ್ಕಿ ಬಿದ್ದಿಲ್ಲ. ಮನೆಯವರೆಲ್ಲ ಆಗಲೇ ಸುಗ್ಗಿ ಕಟ್ಟೆಗೆ ಹೋಗಿದ್ದರು. ಕಾಡಂಚಿನ ಬಯಲು ಅದು, ಹೊತ್ತಿಳಿಯುವಾಗ ಊರಿಗೆ ಊರೇ ಬರಿಗಾಲಲ್ಲಿ ಅಲ್ಲಿ ಸೇರುತ್ತದೆ.

"ಮೇಲಿನ ಎಸ್ಟೇಟಲ್ಲಿ ಗುಂಪು ನಿಂತದಂತೆ" ಎಂದರು ಅತ್ತೆ, ಮೆಲುದನಿಯಲ್ಲಿ. "ಸುಗ್ಗಿ ಸಾರಿದ ಕೂಡ್ಲೆ ಹಾರ್ನ್ ಬಾಯಿ ಮುಚ್ಚವ್ರೆ. ಡಬ್ಬನೂ ಬಡ್ಯಂಗಿಲ್ಲ." ಸೆರಗಿನ ಗಂಟಿನಿಂದ ಒಂದು ಬೀಗದ ಕೈ ತೆಗೆದು ನನ್ನ ಮುಂದಿಟ್ಟರು. "ಡೈರೀದು. ನಿನ್ ಓರಗಿತ್ತಿ ತಾನೆ ಈಗ ಅಲ್ಲಿ ಕೂರಾದು. ನೀನ್ ಏನ್ ಮಾಡ್ತೀಯೋ ನಂಗೊತ್ತಿಲ್ಲ."

ಡೈರಿಗೆ ಹೋಗಿ ಬೀಗ ತೆಗೆದೆ. ಪೆಟ್ಟಿಗೆಯ ಮೇಲೆ ಧೂಳು ಕೂತಿತ್ತು, ಒಣಗಿದ ದಾಸವಾಳವಿತ್ತು. ಹಾಸನದ ಅಂಗಡಿ ಮುಚ್ಚಿ ಮಹೇಶ ಎಲ್ಲಿಗೋ ಹೋಗಿಬಿಟ್ಟಿದ್ದ. ಈಗ ಏನಾದರೂ ತೆಗೆದರೆ ವಾಪಸ್ ಹಾಕುವವರು ಯಾರೂ ಇರಲಿಲ್ಲ. ತೆರೆಯುತ್ತದೆಂಬ ನಂಬಿಕೆಯಿಲ್ಲದೆ ನನ್ನ ಹಳೆಯ ಹೆಸರು, ಹಳೆಯ ಪಾಸ್‌ವರ್ಡ್ ಹಾಕಿದೆ. ತೆರೆಯಿತು. ನಾನು ಊರು ಬಿಟ್ಟು ಇಷ್ಟು ಕಾಲವಾದರೂ ನನ್ನ ಅಧಿಕಾರವನ್ನೂ ಯಾರೂ ಕಿತ್ತುಕೊಂಡಿರಲಿಲ್ಲ. ಇಷ್ಟು ದಿನ ಆಲೂರಿನಲ್ಲಿ ಕೂತೇ ಈ ಊರಿನ ಹಾರ್ನ್ ನಿಲ್ಲಿಸಬಹುದಿತ್ತು ನಾನು.

ಮನಸ್ಸಿನಲ್ಲೇ ದೇವೀರಮ್ಮನಿಗೆ ತಪ್ಪಾಯಿತು ಎಂದು ಕೈಮುಗಿದು ಅವಳ ಹೆಸರಿನ ಬಾಲವನ್ನು ಕಿತ್ತೆ. ಅದು ಹೊರಿಸಿದ್ದ ಮೌನವೂ ಅದರ ಜೊತೆ ಹೋಯಿತು. ಕೊನೆಗೆ ನನ್ನ ಹೆಸರನ್ನೂ ಅಳಿಸಿ, ಬೀಗ ಹಾಕಿ, ಅತ್ತೆಯನ್ನು ಕರೆದುಕೊಂಡು ಸುಗ್ಗಿ ಕಟ್ಟೆಗೆ ಹೋದೆ.

ಹೊತ್ತು ಇಳಿಯುತ್ತಿತ್ತು. ಜನ ಸದ್ದಿಲ್ಲದೆ ಅಮ್ಮನ ಸುತ್ತ ನಡೆಯುತ್ತಿದ್ದರು, ಬರಿಗಾಲಿನ ಕೆಳಗೆ ತರಗೆಲೆಯ ಸದ್ದು ಮಾತ್ರ. ಆಗ ಊರ ಕಡೆಯಿಂದ ಹಾರ್ನ್ ಕೂಗಿತು. ಒಂದಾದ ಮೇಲೊಂದು, ನಾಲ್ಕೂ ಕಂಬಗಳು. ಸುಗ್ಗಿಯ ಮೌನದಲ್ಲಿ ಅಂಥ ಸದ್ದನ್ನು ಆ ಊರು ಎಂದೂ ಕೇಳಿರಲಿಲ್ಲ. ನಡೆಯುತ್ತಿದ್ದವರು ಇದ್ದಲ್ಲೇ ನಿಂತರು. ಮಕ್ಕಳು ಅಮ್ಮಂದಿರ ಸೆರಗು ಹಿಡಿದರು. ಎಲ್ಲರೂ ಗುರುಶಾಂತಪ್ಪನವರ ಮುಖ ನೋಡಿದರು. ಅವರು ಅಮ್ಮನ ಮುಖ ನೋಡಿದರು.

"ಅಮ್ಮನೇ ಕೂಗಿಸ್ತಾವ್ಳೆ" ಎಂದರು ಯಜಮಾನರು, ನಡುಗುವ ದನಿಯಲ್ಲಿ. "ಎಲ್ರೂ ಊರ ಕಡೆ ನಡೀರಿ. ಹೆಂಗಸ್ರು ಮಕ್ಳು ಮುಂದೆ."

ಜನ ತಿರುಗಿದರು. ಮೇಲಿನ ಕಾಡಿನಲ್ಲಿ ಕೊಂಬೆ ಮುರಿಯುವ ಸದ್ದು ಆಗಲೇ ಹತ್ತಿರವಾಗಿತ್ತು. ಅತ್ತೆಯ ಕೈ ಹಿಡಿದು ನಡೆಯುವಾಗ ಗೀತಕ್ಕ ನನ್ನ ಪಕ್ಕಕ್ಕೆ ಬಂದಳು. ನನ್ನ ಕಡೆ ತಿರುಗಲಿಲ್ಲ, ಮುಂದಿನ ದಾರಿಯನ್ನೇ ನೋಡುತ್ತಾ ನಡೆಯುತ್ತಿದ್ದಳು.

"ಆವತ್ತೂ ಕೂಗ್ಬೋದಿತ್ತು ಅಲ್ವಾ ಶೈಲಾ?" ಎಂದಳು.

ಅತ್ತೆಯ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ನಡೆದೆ. ಹಾರ್ನ್ ಇನ್ನೂ ಕೂಗುತ್ತಲೇ ಇತ್ತು.